ತುಟ್ಟಿಯ ಕಾಲದಲ್ಲಿ ತಾಯಿಯವರ ಒಲೆ

ಮಲಪ್ರಭೆಯ ಹೊಳೆ ಮೆಲ್ಲಗೆ ಮಗ್ಗುಲು ಬದಲಿಸುವಲ್ಲಿ, ದಂಡೆಯ ಮೇಲೆ, ಒಂದು ಸಣ್ಣ ಮಣ್ಣಿನ ಮಠ. ಹಿತ್ತಿಲಲ್ಲಿ ಒಂದು ಎಮ್ಮೆ, ಒಂದು ಬಸಳೆಯ ಚಪ್ಪರ. ಗದ್ದುಗೆಯೆಂಬುದು ಅಲ್ಲಿರಲಿಲ್ಲ. ಶರಣೆ ಮುರಿಗೆಮ್ಮ ತಾಯಿಯವರು ಒಲೆಯ ಮುಂದೆ ಒಂದು ಸವೆದ ಮಣೆಯ ಮೇಲೆ ಕೂರುತ್ತಿದ್ದರು. ದರ್ಶನಕ್ಕೆ ಬಂದವರು ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಅಲ್ಲಿಯೇ ನಮಸ್ಕರಿಸುವರು. ತಾಯಿಯವರು ಹಿಟ್ಟು ಮೆತ್ತಿದ ಕೈಯಿಂದಲೇ ಹರಸುವರು.

ಅದು ಎಲ್ಲವೂ ತುಟ್ಟಿಯಾದ ವರುಷ. ಎಣ್ಣೆ ತುಟ್ಟಿ, ಬೆಲ್ಲ ತುಟ್ಟಿ, ಜೋಳವಂತೂ ಸಂತೆಯಿಂದ ಸಂತೆಗೆ ಏರುತ್ತಲೇ ಇತ್ತು. ಹೊಳೆಯಾಚೆಯ ಊರಿನಲ್ಲಿ ಸಾವಂತ್ರೆವ್ವನೆಂಬ ಗೃಹಿಣಿಯಿದ್ದಳು. ಗಂಡ ಕಲ್ಲಪ್ಪ ಹತ್ತಿಯ ಗಿರಣಿಯಲ್ಲಿ ದುಡಿಯುತ್ತಿದ್ದ. ಪೇಟೆಯ ಧಾರಣೆ ಏರಿದಂತೆ ಅವನ ಪಗಾರ ಏರಲಿಲ್ಲ. ಸಾವಂತ್ರೆವ್ವ ಅಂಜುವ ಹೆಂಗಸಲ್ಲ. ಸೆರಗು ಬಿಗಿದು ನಿಂತಳು. ಎಣ್ಣೆ, ಬೆಲ್ಲ ಪೆಟ್ಟಿಗೆ ಸೇರಿದವು. ಪೆಟ್ಟಿಗೆಗೆ ಕೀಲಿ ಬಿತ್ತು. ಕೀಲಿಕೈ ಅವಳ ಕೊರಳ ದಾರಕ್ಕೆ ಬಂತು. ಹೊತ್ತಿಗೆ ಇಷ್ಟೇ ರೊಟ್ಟಿ ಎಂದು ಕಟ್ಟು ಮಾಡಿದಳು. ಬೀಗರು ಬಂದರೆ ಮಾತು ಬೇಗ ಮುಗಿಸುವಳು. ಇಷ್ಟಾದರೂ ಸಂತೆಯ ದಿನ ಸಮೀಪಿಸಿದಂತೆ ಗಂಟಿನ ದುಡ್ಡನ್ನು ಮತ್ತೆ ಮತ್ತೆ ಎಣಿಸುವಳು. ಮನೆಯಲ್ಲಿ ನಗೆಯ ಸದ್ದು ಕೇಳಿ ಎಷ್ಟು ಕಾಲವಾಯಿತೆಂಬುದು ಅವಳಿಗೇ ನೆನಪಿರಲಿಲ್ಲ.

“ಹೊಳಿ ದಂಡಿ ಮಠದಾಗ ಇವತ್ತಿಗೂ ಬಂದಾವ್ರು ಉಂಡೇ ಹೋಗತಾರಂತ,” ಎಂದು ಕಲ್ಲಪ್ಪ ಒಮ್ಮೆ ಹೇಳಿದ.

“ಯಾರೋ ಸಾವಕಾರ ಗುಟ್ಟಾಗಿ ಚೀಲ ಇಳಿಸಿ ಹೋಗತಿರಬೇಕು. ಹೊಲ ಇಲ್ಲ, ಮನಿ ಇಲ್ಲ, ಉಣ್ಣಾಕ ಹಾಕೂದು ಎಲ್ಲಿಂದ?” ಎಂದಳು ಸಾವಂತ್ರೆವ್ವ. ಆದರೂ ಆ ಮಾತು ಮುಳ್ಳಿನಂತೆ ಮನಸ್ಸಿನಲ್ಲಿ ಉಳಿಯಿತು. ನೋಡಿಯೇ ಬರುವೆನೆಂದು ಒಂದು ದಿನ ನಸುಕಿನಲ್ಲೇ ಹೊರಟಳು.

ಹೊಳೆಯ ಮೇಲೆ ಮಂಜು ಹಾಸಿತ್ತು. ದೋಣಿಯಲ್ಲಿ ಕುಳಿತರೆ ನೀರೂ ಕಾಣದು, ದಂಡೆಯೂ ಕಾಣದು. ಹುಟ್ಟಿನ ಸಪ್ಪಳ ಮಾತ್ರ. ಮೋಡದೊಳಗೆ ತೇಲುತ್ತಿರುವೆನೋ ಎಂಬ ಭ್ರಮೆ ಅವಳಿಗೆ. ಮಂಜು ಸರಿದಾಗ ಎದುರಿಗೇ ಮಠವಿತ್ತು, ಬಾಗಿಲು ತೆರೆದೇ ಇತ್ತು.

ಬಂದವಳು ಯಾರು, ಏತಕ್ಕೆ ಬಂದಳು ಎಂದು ತಾಯಿಯವರು ಕೇಳಲಿಲ್ಲ. “ಬಾರವ್ವ, ಇವತ್ತು ನನ್ನ ಜೋಡಿ ಒಲಿ ಮುಂದ ಕೂಡು,” ಎಂದಷ್ಟೇ ನುಡಿದು ಕಾಯಿಪಲ್ಯದ ಬುಟ್ಟಿಯನ್ನು ಅವಳತ್ತ ಸರಿಸಿದರು.

ಸಾವಂತ್ರೆವ್ವ ಹೀರೇಕಾಯಿ ಹೆರೆಯುತ್ತ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹೆರೆದ ಸಿಪ್ಪೆ ಚಟ್ನಿಗೆ ಹೋಯಿತು. ಬೇಳೆ ತೊಳೆದ ನೀರು ಎಮ್ಮೆಗೆ, ಕೈಕಾಲು ತೊಳೆದ ನೀರು ಬಸಳೆಯ ಬುಡಕ್ಕೆ. ಬೇಳೆ ಒಂದು ಕುದಿ ಬಂದೊಡನೆ ತಾಯಿಯವರು ಗಡಿಗೆಯನ್ನು ಇಳಿಸಿ ಹಳೆಯ ಕೌದಿಯಲ್ಲಿ ಸುತ್ತಿಟ್ಟರು. ಅದು ಬಿಸಿ ಆರದೆ ತನ್ನಷ್ಟಕ್ಕೆ ತಾನೇ ಬೇಯುತ್ತಿತ್ತು. ಒಗ್ಗರಣೆಗೆ ಎಣ್ಣೆ ಬಿದ್ದದ್ದು ಸೌಟಿನ ತುದಿಯಷ್ಟು. ಚೀಲ ಇಳಿಸುವ ಸಾವಕಾರ ಎಲ್ಲಿಯೂ ಕಾಣಲಿಲ್ಲ. ಬಂದವರಲ್ಲಿ ಒಬ್ಬ ಉಡಿಯಲ್ಲಿ ಹಿಡಿ ಜೋಳ ತಂದ, ಇನ್ನೊಬ್ಬಳು ಪುಂಡಿ ಸೊಪ್ಪು ತಂದಳು, ಏನೂ ತರದವರು ಕಟ್ಟಿಗೆ ಒಡೆದರು. ಗವಾಕ್ಷಿಯಿಂದ ಇಳಿದ ಬಿಸಿಲಕೋಲಿನಲ್ಲಿ ಜೋಳದ ಹಿಟ್ಟಿನ ಧೂಳು ಬಂಗಾರದಂತೆ ತೇಲುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಒಂದೇ ಸಮನೆ, ಜೋಗುಳದಂತೆ.

ಸಾವಂತ್ರೆವ್ವನಿಗೆ ತಡೆಯಲಾಗಲಿಲ್ಲ. “ಯವ್ವಾ, ಸಿಟ್ಟಾಗಬ್ಯಾಡ್ರಿ. ಇದೆಲ್ಲಾ ನಾನೂ ಮಾಡತೀನಿ. ಸಿಪ್ಪಿ ಚೆಲ್ಲಂಗಿಲ್ಲ, ಕೆಂಡ ಆರಿಸಂಗಿಲ್ಲ. ನಿಮ್ಮಕ್ಕಿಂತ ಕಡಿಮಿ ಎಣ್ಣಿ ಹಾಕತೀನಿ. ಹಂಗಾದ್ರ ನನಗ್ಯಾಕ ಪೂರೈಸವಲ್ದು?”

ತಾಯಿಯವರು ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. “ನಿಮ್ಮ ಮನ್ಯಾಗ ಎಲ್ಲಾರ ಹಿಂದ ಉಣ್ಣಾವ್ರು ಯಾರು?”

“ನಮ್ಮ ಅತ್ತಿ, ಗುರವ್ವ. ಅವರದೇನೂ ತ್ರಾಸಿಲ್ರೀ. ಈಗೀಗ ಅವರಿಗೆ ಹಸಿವ ಆಗಂಗಿಲ್ಲ. ಅರ್ಧ ರೊಟ್ಟಿ ಸಾಕಂತಾರ, ಒಮ್ಮೊಮ್ಮೆ ಅದೂ ಬ್ಯಾಡಂತಾರ.”

ತಾಯಿಯವರ ಕೈ ನಿಂತಿತು. ತವೆಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಮಲಗಿದ ಕೂಸು ಎಚ್ಚರವಾದೀತೆಂಬಷ್ಟು ಮೆಲುದನಿಯಲ್ಲಿ ಕೇಳಿದರು: “ಹಸಿವಿಲ್ಲ ಅನ್ನೂದನ್ನ ಆಕಿಗೆ ಯಾರು ಕಲಿಸಿದರವ್ವಾ?”

ಸಾವಂತ್ರೆವ್ವ ಉಣ್ಣಲು ಕುಳಿತಳು, ಉಂಡಳು, ರುಚಿ ಯಾವುದೂ ತಿಳಿಯಲಿಲ್ಲ. ಮಧ್ಯಾಹ್ನ ಗೋಡೆಗೆ ಒರಗಿ ಕೂತವಳಿಗೆ ಹಾಗೆಯೇ ಜೊಂಪು ಹತ್ತಿತು.

ಕನಸಿನಲ್ಲಿ ಹೊಳೆ ಬತ್ತಿ ಬೆಳ್ಳಗೆ ಉಸುಕು ಹರವಿತ್ತು. ಆ ಉಸುಕಿನ ಮೇಲೆ ಗುರವ್ವ ಬರುತ್ತಿದ್ದಳು; ಈಗಿನ ಬಾಗಿದ ಗುರವ್ವನಲ್ಲ, ಸಾವಂತ್ರೆವ್ವ ಹಸಿರು ಸೀರೆಯುಟ್ಟು ಸೊಸೆಯಾಗಿ ಆ ಮನೆಯ ಹೊಸ್ತಿಲು ದಾಟಿದ ವರುಷದ ಗುರವ್ವ. ತಲೆಯ ಮೇಲೆ ರೊಟ್ಟಿಯ ಬುಟ್ಟಿ. ಎದುರಾದವರಿಗೆಲ್ಲ ಕೊಡುತ್ತ, ನಗುತ್ತ ಬಂದಳು. ಸಾವಂತ್ರೆವ್ವನ ಮುಂದೆ ನಿಂತು ಕೊನೆಯ ರೊಟ್ಟಿಗೆ ಬೆಣ್ಣೆ ಸವರಿ ಕೈಯಲ್ಲಿಟ್ಟಳು. “ನೀವು ಉಣ್ಣಲಿಲ್ಲಲ್ರೀ?” ಎಂದರೆ, “ನನಗ ಹಸಿವಿಲ್ಲವ್ವ,” ಎನ್ನುತ್ತ ಅವಳು ಬಿಸಿಲಿನಲ್ಲಿ ತೆಳ್ಳಗಾದಳು, ಇನ್ನೂ ತೆಳ್ಳಗಾದಳು; ಆಮೇಲೆ ಬರಿಯ ಉಸುಕು.

ಬೆಚ್ಚಿ ಎದ್ದಾಗ ಕೆನ್ನೆ ತೊಯ್ದಿತ್ತು. ತಾಯಿಯವರು ಪಕ್ಕದಲ್ಲಿ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಸೂಜಿಯಿಂದ ಕಣ್ಣೆತ್ತದೆ ಹೇಳಿದರು: “ಉಳಿಸಬೇಕವ್ವಾ, ಚೊಲೋತ್ನಾಗಿ ಉಳಿಸಬೇಕು. ಸಾಮಾನಿನಾಗ ಉಳಿಸು. ಮಂದಿಯೊಳಗ ಉಳಿಸಬ್ಯಾಡ.”

ಸಾವಂತ್ರೆವ್ವ ಅವರ ಪಾದಗಳಿಗೆ ಹಣೆ ಹಚ್ಚಿ ಹೊಳೆ ದಾಟಿದಳು.

ಮನೆಯಲ್ಲಿ ಗುರವ್ವ ಪಡಸಾಲೆಯ ನೆರಳಲ್ಲಿ ಮುದುಡಿ ಮಲಗಿದ್ದಳು. ಆ ತೋಳು ಇಷ್ಟು ಸಣ್ಣಗಾದದ್ದು ಯಾವಾಗ? ದಿನವೂ ಕಂಡ ತೋಳನ್ನು ಸಾವಂತ್ರೆವ್ವ ಅಂದೇ ನೋಡಿದಳು. ಕೀಲಿಕೈಯ ದಾರವನ್ನು ಕೊರಳಿಂದ ತೆಗೆದು ಪೆಟ್ಟಿಗೆ ತೆರೆದಳು. ಬಿಸಿ ರೊಟ್ಟಿ ಸುಟ್ಟು, ಬೆಲ್ಲ ಪುಡಿ ಮಾಡಿ, ಅತ್ತೆಯ ಮುಂದೆ ತಾಟು ಇಟ್ಟಳು.

“ನನಗ ಹಸಿವಿಲ್ಲವ್ವ. ನೀವು ದುಡ್ಯಾವ್ರು, ನೀವುಣ್ರಿ.”

“ನಿಮಗ ಹಸಿವಿಲ್ಲಂದ್ರ ನನಗೂ ಇಲ್ರೀ ಅತ್ತಿ,” ಎಂದು ಸಾವಂತ್ರೆವ್ವ ಅವಳ ಮೊಣಕಾಲಿಗೆ ತಾಗಿ ಕುಳಿತಳು. ಗುರವ್ವ ಸೊಸೆಯ ಮುಖವನ್ನು ನೋಡಿದಳು. ಆಮೇಲೆ ಒಂದು ತುತ್ತು ಮುರಿದಳು.

ಆ ವರುಷ ಧಾರಣೆ ಇಳಿಯಲಿಲ್ಲ. ಇಳಿಯಿತೆಂದು ಹೇಳಿದರೆ ಸುಳ್ಳಾದೀತು. ಸಾವಂತ್ರೆವ್ವ ಮಿತವನ್ನೂ ಬಿಡಲಿಲ್ಲ. ಆದರೆ ಈಗ ಮಿತ ಒಬ್ಬಳ ಹೊರೆಯಾಗಿರಲಿಲ್ಲ. ಗುರವ್ವ ತನ್ನ ಕಾಲದ ಬರಗಳನ್ನು ಕಂಡವಳು; ಎಣ್ಣೆಯ ಬದಲು ಅಗಸೆ ಬೀಜ ಹುರಿದು ಪುಡಿ ಮಾಡುವುದು, ಅಗ್ಗವಿದ್ದಾಗ ಪಲ್ಯ ಒಣಗಿಸಿಡುವುದು, ಎಲ್ಲ ಅವಳ ಬಾಯಿಂದ ಒಂದೊಂದಾಗಿ ಹೊರಬಂದವು. ಓಣಿಯ ಹೆಣ್ಣುಮಕ್ಕಳು ಸರದಿಯ ಮೇಲೆ ಒಂದೇ ಮನೆಯಲ್ಲಿ ಎಲ್ಲರ ಬೇಳೆ ಬೇಯಿಸಿ ಕಟ್ಟಿಗೆ ಉಳಿಸಿದರು. ಬೇಳೆ ಬೇಯುವಷ್ಟು ಹೊತ್ತು ಹರಟೆ, ಹಾಡು. ಸಾವಂತ್ರೆವ್ವನ ಮನೆಗೆ ನಗೆಯ ಸದ್ದು ಹಾಗೆ ಬಂತು.

ಒಂದು ಸಂಜೆ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಗುರವ್ವ ತಾಟನ್ನು ಬೆರಳಿನಿಂದ ಒರೆಸಿ, ತಲೆಯೆತ್ತಿ, ತನ್ನ ಹಕ್ಕಿನ ದನಿಯಲ್ಲಿ ಅಂದಳು: “ಸಾವಂತ್ರೀ, ಇನ್ನೊಂದು ರೊಟ್ಟಿ ಹಾಕವ್ವಾ. ಹೊಟ್ಟಿ ಹಸದೈತಿ.”

ಕಲ್ಲಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಸಾವಂತ್ರೆವ್ವ ಒಲೆಯತ್ತ ತಿರುಗಿದಳು. ಕಣ್ಣು ಮಂಜಾಗಿ ತವೆಯೂ ಸರಿಯಾಗಿ ಕಾಣಲಿಲ್ಲ. ಹೊಳೆಯಾಚೆಯ ತಾಯಿಯವರಿಗೆ ಮನಸ್ಸಿನಲ್ಲೇ ಶರಣೆಂದು, ಕೈಯಂದಾಜಿನಿಂದಲೇ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದಳು.