ಮಿಡಿಯಮ್ಮ ಒಬ್ಬಳೇ ಆಗಿ ಉಳಿದದ್ದು

ನದಿಗಳು ತಮ್ಮ ದಾರಿಯನ್ನು ಇನ್ನೂ ಹುಡುಕುತ್ತಿದ್ದ ಕಾಲವದು. ಲೋಕದ ಮೊತ್ತಮೊದಲ ಮಗು ತಾಯಿಯ ಗರ್ಭದಲ್ಲಿತ್ತು. ಅದರ ಪುಟ್ಟ ಹೃದಯದಲ್ಲಿ ಮಿಡಿಯಮ್ಮ ಎಂಬ ಜೀವಕೋಶ ವಾಸವಾಗಿದ್ದಳು.

ಅವಳ ಎರಡು ಕೈಗಳನ್ನೂ ಅಕ್ಕತಂಗಿಯರು ಹಿಡಿದಿದ್ದರು. "ಐಸಾ!" ಎಂದು ಎಲ್ಲರೂ ಒಟ್ಟಿಗೆ ಎಳೆದರೆ ರಕ್ತದ ಹೊಳೆ ಮುಂದೆ ಹರಿಯುತ್ತಿತ್ತು.

ಆ ಹೊಳೆಯ ದಂಡೆಯೇ ಆಗಿ, ರಕ್ತನಾಳದ ಒಳಗೋಡೆಯಲ್ಲಿ, ತೆಳುವಮ್ಮ ಎಂಬ ನೆರೆಯವಳಿದ್ದಳು. ಅವಳು ಆಗಾಗ ಮಿಡಿಯಮ್ಮನ ಬಾಗಿಲಿಗೆ ಒಂದು ಮಾತು ಹೇಳಿಕಳುಹಿಸುವಳು: "ಇಬ್ಬರಾಗು."

ಮಾತು ಬಂದೊಡನೆ ಮಿಡಿಯಮ್ಮ ಕೈ ಬಿಡುವಳು, ಗಳಿಗೆ ಹೊತ್ತು ಸುಮ್ಮನಾಗುವಳು, ಇಬ್ಬರಾಗುವಳು. ಹೃದಯ ಹಾಗೆ ಬೆಳೆಯುತ್ತಿತ್ತು. ತಾಯಿಯ ಉಸಿರೇ ಮಗುವಿನ ಉಸಿರಾಗಿದ್ದುದರಿಂದ ಆ ಬಿಡುವು ಯಾರಿಗೂ ಭಾರವಾಗಲಿಲ್ಲ.

ಮಗು ಹುಟ್ಟುವ ದಿನ ಬಂತು. ಗಾಳಿ ಹೊಸ್ತಿಲಲ್ಲಿ ನಿಂತು, "ಒಳಗೆ ಬರಲೇ?" ಎಂದಿತು.

"ಬಾರಪ್ಪಾ, ನಿನ್ನ ಮನೆಯೇ ಇದು" ಎಂದರು ಎಲ್ಲರೂ.

ಹೊಳೆ ಒಮ್ಮೆಲೇ ಉಕ್ಕಿತು. ಎಳೆತ ಹಿಂದೆಂದೂ ಇಲ್ಲದಷ್ಟು ಭಾರವಾಯಿತು. ಆಗಲೇ ಬಾಗಿಲಲ್ಲಿ ಅದೇ ಮಾತು: "ಇಬ್ಬರಾಗು."

ಅತ್ತಲಿಂದ ಚರ್ಮದ ಕೋಶ ತೊಗಲವ್ವ ಹಂಗಿಸಿದಳು: "ಬೆಳಗಿನಿಂದ ನನಗೆ ಎಂಟು ಹೆಣ್ಣುಮಕ್ಕಳು ಕಣೇ! ನೀನೇನು, ಬರೀ ಎಳೀತಾನೇ ಇರ್ತೀಯಾ?"

ಮಿಡಿಯಮ್ಮನಿಗೂ ಮಗಳು ಬೇಕಿತ್ತು. ಅವಳು ಕೈ ಬಿಟ್ಟಳು. ಅಕ್ಕತಂಗಿಯರೂ ಬಿಟ್ಟರು.

ಹೊಳೆ ನಿಂತಿತು. ಮಗುವಿನ ತುಟಿ ನೀಲಿಯಾಯಿತು. ಹೊರಗೆ ತಾಯಿ, "ಅಳು ನನ್ನ ಕಂದಾ, ಒಂದು ಸಲ ಅಳು!" ಎಂದು ಗೋಗರೆದಳು.

ಆ ಕೂಗು ಎದೆಯೊಳಗೂ ಕೇಳಿಸಿತು. "ಹಿಡೀರೇ!" ಎಂದು ಮಿಡಿಯಮ್ಮ ಕೈ ಚಾಚಿದಳು. "ಐಸಾ!" ಹೊಳೆ ಹರಿಯಿತು. ಮಗು ಅತ್ತಿತು.

"ತೆಳುವಮ್ಮಾ, ಇನ್ನು ಆ ಮಾತು ಕಳಿಸಬೇಡ ತಾಯಿ" ಎಂದಳು ಮಿಡಿಯಮ್ಮ.

"ಹುಚ್ಚೀ, ನಾಳೆ ನಿನಗೇನಾದರೂ ಆದರೆ ನಿನ್ನ ಜಾಗಕ್ಕೆ ಯಾರು ಬರ್ತಾರೆ?"

ಮಿಡಿಯಮ್ಮ ಎಳೆಯುವುದನ್ನು ನಿಲ್ಲಿಸಲಿಲ್ಲ. "ಯಾರೂ ಬರಲಿಕ್ಕಿಲ್ಲ. ಆದರೆ ನಾನು ಕೈ ಬಿಟ್ಟರೆ ಈ ಕೂಸು ಉಳಿಯುವುದಿಲ್ಲವಲ್ಲ."

ತೆಳುವಮ್ಮನ ಕಣ್ಣು ತುಂಬಿತು. "ನಿನ್ನ ಋಣವನ್ನು ಹೀಗಾದರೂ ತೀರಿಸುತ್ತೇನೆ. ನಾನಿರುವವರೆಗೆ, ದಿನವೂ, ಬೇರೊಂದು ಮಾತು ಕಳಿಸುತ್ತೇನೆ: ಗಟ್ಟಿಯಾಗು, ಬದುಕಿರು."

ಆದ್ದರಿಂದಲೇ ಮಕ್ಕಳೇ, ಮಂಡಿ ತರಚಿದರೆ ಹೊಸ ಚರ್ಮ ಬರುತ್ತದೆ, ಹೃದಯದ ಗಾಯ ಹಾಗೆ ತುಂಬಿಕೊಳ್ಳುವುದಿಲ್ಲ. ನೀವು ಬೆಳೆದಂತೆ ಅದೂ ಬೆಳೆಯುವುದು ಒಂದೊಂದು ಕೋಶವೂ ಬಲಿಯುವುದರಿಂದ. ಓಡಿಬಂದು ಎದೆಯ ಮೇಲೆ ಕೈಯಿಟ್ಟು ನೋಡಿ: ಅಲ್ಲಿ ಬಡಿಯುತ್ತಿರುವವರು, ಬಹುಪಾಲು, ನೀವು ಹುಟ್ಟಿದ ದಿನ ಕೈ ಬಿಡದೆ ನಿಂತವರೇ.