ಎರಡು ಬಾಯಿಯ ಕಾರ್ಬುರೇಟರ್

"ಅಜ್ಜಾರ, ಗಂಟಲೊಳಗ ಇಲ್ಲದ್ದನ್ನ ಗುರು ಎಲ್ಲಿಂದ ತರಬೇಕ್ರಿ?" ಎಂದು ಶಿಷ್ಯ ರಾಚಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಅವನ ಚಿಂತೆ ಮಗಳದು. ನೀಲಗಂಗಾ ಮನೆಯಲ್ಲಿ ವಚನ ಹಾಡಿಕೊಂಡಿದ್ದವಳು. ಓಣಿಯ ಸಂಗೀತದ ಮಾಸ್ತರರು ಅವಳಿಗೆ ಸ್ವಲ್ಪ ಪಾಠ ಹೇಳಿದರು. ಧ್ವನಿ ತೆರೆದುಕೊಂಡಿತು. ಕೇಳಿದವರು ತಲೆದೂಗಿದರು. ರಾಚಪ್ಪನಿಗೆ ಅಷ್ಟು ಸಾಕಾಗಲಿಲ್ಲ. ಅವಳನ್ನು ನಗರದ ಬಹು ದೊಡ್ಡ ಗವಾಯಿಗಳ ಮನೆಗೆ ಕಳಿಸಿದ. ಅವರ ಮುಂದೆ ಕೂಡುತ್ತಿದ್ದವರೆಲ್ಲ ಕಚೇರಿ ಮಾಡುವ ಹಾಡುಗಾರರು. ಈಗ ಹುಡುಗಿ ಮನೆಗೆ ಬಂದು ಕುಳಿತಿದ್ದಾಳೆ. ಪೂಜೆಯ ಹೊತ್ತಿಗೂ ಒಂದು ಸಾಲು ಹಾಡುವುದಿಲ್ಲ.

"'ಅಲ್ಲಿ ಹಾಡಾಕ ಉಸುರ ಸಾಲೂದಿಲ್ಲಪ್ಪಾ' ಅಂತಿದ್ಲು. ಕುಣೀಲಾರದಾಕಿ ನೆಲ ಡೊಂಕು ಅಂದಂಗ. ಆಕೀ ಒಳಗ ಏನೂ ಇಲ್ಲಂತ ಈಗ ಗೊತ್ತಾತ್ರಿ. ಹಾಡೂದು ಬಿಡಿಸಿ ಲಗ್ನಾ ಮಾಡಿಬಿಡಬೇಕಂತ ಮಾಡೀನಿ. ಐತವಾರ ನೋಡಾಕ ಬರತಾರು. ನಿಮ್ಮ ಆಶೀರ್ವಾದ ಬೇಕು."

"ಆಕೀನ್ನ ಕೇಳಿದೇನು?"

"ಕೇಳೂದೇನೈತ್ರಿ? ಬಾಯೇ ಬಿಡೂದಿಲ್ಲ."

ಸ್ವಾಮಿಗಳು ಮೆತ್ತನೆಯ ಮಾತಿನವರಲ್ಲ. ಮಠದ ಹಳೆಯ ಕಾರನ್ನು ತಾವೇ ಬಿಚ್ಚಿ ಜೋಡಿಸುವವರು. ಶಾಸ್ತ್ರ ಹೇಳಿದರೆ ನೀನು ಕೈಮುಗಿದು ಎದ್ದು ಹೋಗುತ್ತೀ, ಅದಕ್ಕೆ ಕಾರಿನ ಕತೆ ಹೇಳುತ್ತೇನೆ ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ. ಅವನಿಗೆ ತಂದೆಯಿಂದ ಬಂದ ಒಂದು ಹಳೆಯ ಕಾರಿತ್ತು. ಅದರ ಇಂಜಿನ್ ದೊಡ್ಡದಲ್ಲ. ಆದರೆ ಯಾರನ್ನೂ ನಡುದಾರಿಯಲ್ಲಿ ಬಿಟ್ಟದ್ದಿಲ್ಲ. ವ್ಯಾಪಾರಿಗೆ ಅದರ ಮೇಲೆ ಪ್ರೀತಿಯೂ ಇತ್ತು. ಇರಲಿಲ್ಲ ಎಂದು ನಾನು ಹೇಳುವುದಿಲ್ಲ.

ಅವನು ಒಮ್ಮೆ ಇಂಜಿನ್ನನ್ನು ಬಿಚ್ಚಿಸಿದ. ಸಿಲಿಂಡರನ್ನು ಕೂದಲೆಳೆಯಷ್ಟು ಅಗಲ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ. ಹೊಗೆ ಹೋಗುವ ದಾರಿಯನ್ನು ಸಲೀಸು ಮಾಡಿಸಿದ. ಇಂಜಿನ್ನಿಗೆ ಮೊದಲಿಗಿಂತ ತುಸು ಹೆಚ್ಚು ಗಾಳಿ ಬೇಕಾಯಿತು. ಗಾಳಿಗೆ ಪೆಟ್ರೋಲ್ ಬೆರೆಯುವ ಹಳೆಯ ಕಾರ್ಬುರೇಟರ್ ಸಾಲದಾಯಿತು. ಗ್ಯಾರೇಜಿನ ಮೇಸ್ತ್ರಿ ಅದಕ್ಕಿಂತ ಸ್ವಲ್ಪವೇ ದೊಡ್ಡದಾದ ಒಂದನ್ನು ತಂದು ಕೂಡಿಸಿದ. ಕಾರು ಊರ ಹೊರಗಿನ ಏರನ್ನು ಆಯಾಸವಿಲ್ಲದೆ ಹತ್ತಿತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಊರಿನಲ್ಲಿ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವ ರೂಢಿ. ಹಳೆಯ ಕಾರು ಸಾಕಿದವರೆಲ್ಲ ಹನುಮಪ್ಪನ ಗುಡಿಯ ಮುಂದೆ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಬಾನೆಟ್ ಎತ್ತಿ ಇಂಜಿನ್ನಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆಯುತ್ತಿದ್ದರು. ಆಮೇಲೆ ಬಾನೆಟ್ ಇಳಿಸುತ್ತಿರಲಿಲ್ಲ. ಪೂಜೆ ದೇವರಿಗೆ, ತೆರೆದ ಬಾನೆಟ್ ಮಂದಿಗೆ.

ಒಂದು ಅಮಾವಾಸ್ಯೆಗೆ ಯಾರೋ ಪಂದ್ಯದ ಕಾರು ತಂದರು. ಅದಕ್ಕೆ ಅಗಲವಾದ ಎರಡು ಬಾಯಿಯ ಕಾರ್ಬುರೇಟರ್ ಇತ್ತು. ಊರೆಲ್ಲ ಅಲ್ಲಿಗೆ ಮುಗಿಬಿತ್ತು. ವ್ಯಾಪಾರಿಯ ಕಾರಿನ ಬಳಿ ಕಾಯಿ ಒಡೆದ ಪೂಜಾರಿಯೂ ನಿಲ್ಲಲಿಲ್ಲ. ವ್ಯಾಪಾರಿಯ ಮುಖ ಸಣ್ಣದಾಯಿತು. ಗುಡಿಯಿಂದ ಅವನು ಮನೆಗೆ ಹೋಗಲಿಲ್ಲ, ನೇರ ಗ್ಯಾರೇಜಿಗೆ ಹೋದ.

"ಅಂಥಾದ್ದ ನಮ್ಮ ಗಾಡಿಗೂ ಹಾಕು."

"ಬ್ಯಾಡ್ರಿ ಸಾವ್ಕಾರ್ರ. ಕಾರ್ಬುರೇಟರ್ ತಾನಾಗಿ ಇಂಜಿನ್ನಿಗೆ ಏನೂ ಕೊಡೂದಿಲ್ಲ. ಇಂಜಿನ್ ಉಸುರು ಎಳಕೋಬೇಕು, ಆ ಗಾಳಿ ಜೋರಿಗೆ ಪೆಟ್ರೋಲ್ ಏಳಬೇಕು. ಬಾಯಿ ಭಾಳ ಅಗಲಾದ್ರ ಗಾಳಿಗೆ ಜೋರ ಇರೂದಿಲ್ಲ."

"ನಮ್ಮಪ್ಪನ ಗಾಡಿಗೆ ಅಷ್ಟೂ ಯೋಗ್ಯತಾ ಇಲ್ಲಂತೀಯೇನು?"

ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ಉಳ್ಳವರ ಗಾಡಿ, ನನಗೇಕೆ ಊರ ಉಸಾಬರಿ ಎಂದುಕೊಂಡ. ಆಗುವುದಿಲ್ಲ ಎಂದು ಗೊತ್ತಿದ್ದೂ ತನ್ನ ಕೈಯಾರೆ ಅದನ್ನು ಜೋಡಿಸಿಕೊಟ್ಟ. ಇಂಥ ಜಾಣರು ಎಲ್ಲ ಊರಲ್ಲೂ ಇರುತ್ತಾರೆ. ಸುಟ್ಟುಹೋಗಲಿ ಅವರ ಜಾಣತನ.

ಮುಂದಿನ ಅಮಾವಾಸ್ಯೆಗೆ ವ್ಯಾಪಾರಿಯ ಬಾನೆಟ್ಟಿನ ಸುತ್ತ ಮಂದಿಯೇ ಮಂದಿ. ಅವನು ಹಿಗ್ಗಿದ. ಮನೆಗೆ ಮರಳುವಾಗ ಪೇಟೆಯ ಗದ್ದಲದಲ್ಲಿ ಕಾರು ನಿಧಾನವಾಗಬೇಕಾಯಿತು. ಇಂಜಿನ್ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಗುಡಿಯ ಮುಂದೆ ಕಾರ್ಬುರೇಟರ್ ನೋಡಿ ಹೊಗಳಿದವರೇ ಈಗ ಹಿಂದಿನಿಂದ ತಳ್ಳಿದರು.

ಇಂಜಿನ್ನಿಗೆ ಉಸಿರು ಕಟ್ಟುತ್ತಿತ್ತು. ವ್ಯಾಪಾರಿ ಅದಕ್ಕೆ ಹಸಿವೆ ಎಂದು ತಿಳಿದ. ಇನ್ನೂ ಹೆಚ್ಚು ಪೆಟ್ರೋಲ್ ಇಳಿಯುವಂತೆ ಮಾಡಿಸಿದ. ಕಪ್ಪು ಹೊಗೆ ಬಂತು. ಪ್ಲಗ್ಗುಗಳು ಮಸಿ ಹಿಡಿದವು. ಅವನು ಪ್ಲಗ್ ಬದಲಿಸಿದ, ಇನ್ನಷ್ಟು ಪೆಟ್ರೋಲ್ ಬಿಡಿಸಿದ, ಮತ್ತೆ ನಿಂತರೆ ಬಾನೆಟ್ಟಿಗೆ ಗುದ್ದಿದ. "ಇಷ್ಟೆಲ್ಲಾ ಕೊಟ್ರೂ ನಿನಗ ಸಾಲವಲ್ದು" ಎಂದು ಬೈದ. ತಿರುಗಿ ಹೇಳುವುದಕ್ಕೆ ಇಂಜಿನ್ನಿಗೆ ಬಾಯಿ ಇರಲಿಲ್ಲ. ಕೆಮ್ಮು ಒಂದೇ ಅದರ ಮಾತು. ಆ ಮಾತನ್ನು ಅವನು ಸೋಮಾರಿತನ ಎಂದ.

ಸುಡದೆ ಉಳಿದ ಪೆಟ್ರೋಲ್ ಒಳಗೇ ಇಳಿಯಿತು. ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದುಹಾಕಿತು. ತಳದಲ್ಲಿದ್ದ ಎಣ್ಣೆಯೂ ನೀರಾಯಿತು. ಎಣ್ಣೆ ಇಲ್ಲದೆ ಕಬ್ಬಿಣ ಕಬ್ಬಿಣವನ್ನೇ ತಿಂದಿತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಕಾರ್ಬುರೇಟರ್ ಫಳಫಳ ಹೊಳೆಯುತ್ತಿತ್ತು. ಒಂದು ದಿನ ಸಮತಟ್ಟಾದ ರಸ್ತೆಯಲ್ಲಿ, ಏರಿಲ್ಲ ಇಳಿಜಾರಿಲ್ಲ, ಇಂಜಿನ್ ಜಾಮ್ ಆಗಿ ನಿಂತುಬಿಟ್ಟಿತು. ಆಮೇಲೆ ಅದು ತಿರುಗಲಿಲ್ಲ.

ಮೇಸ್ತ್ರಿ ಬಿಚ್ಚಿ ನೋಡಿದ. ಒಳಗೆ ಗೀರಿಲ್ಲದ ಜಾಗವೇ ಇರಲಿಲ್ಲ. ಆಗಲಾದರೂ ಅವನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ವ್ಯಾಪಾರಿ ತಾನೇ ತೀರ್ಪು ಕೊಟ್ಟ. "ಇಂಜಿನ್ನೇ ಕಸಾ. ಪುಣ್ಯಾ ಮಾಡಿದ್ದಕ್ಕ ಇಂಥಾ ಕಾರ್ಬುರೇಟರ್ ಸಿಕ್ಕಿತ್ತು, ಉಳಿಸಿಕೊಳ್ಳಾಕ ಬರಲಿಲ್ಲ."

ಗುಜರಿಯವರನ್ನು ಕರೆಸಿ ಕಾರನ್ನು ಎಳೆದುಕೊಂಡು ಹೋಗಲು ಹೇಳಿದ. ಅವರು ತಂದೆಯ ಕಾಲದ ಕಾರಿನ ಕೊರಳಿಗೆ ಹಗ್ಗ ಕಟ್ಟಿ ಎಳೆಯುವಾಗ ಅವನು ಬಾಗಿಲಿಗೂ ಬರಲಿಲ್ಲ. ಕಾರ್ಬುರೇಟರನ್ನು ಮಾತ್ರ ಬಿಚ್ಚಿಸಿ ಇಟ್ಟುಕೊಂಡ. ಇವತ್ತಿಗೂ ಅದು ಅವನ ಪಡಸಾಲೆಯ ಗಾಜಿನ ಕಪಾಟಿನಲ್ಲಿದೆ. ಬಂದ ಬೀಗರಿಗೆಲ್ಲ ಅದನ್ನು ತೋರಿಸಿ, ನಾನು ಕೊಡುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ಕಾರ್ಬುರೇಟರಿನಲ್ಲೂ ದೋಷವಿರಲಿಲ್ಲ. ಪಂದ್ಯದ ಕಾರಿಗೆ ಅದು ಅಮೃತ.

ಸ್ವಾಮಿಗಳು ಕತೆ ನಿಲ್ಲಿಸಿದರು. ರಾಚಪ್ಪನಿಗೆ ಕಾರಿನ ಮೇಲೆ ಮರುಕ ಬಂದಿತ್ತು.

"ಎಂಥಾ ಮನಷ್ಯಾರಿ ಅಂವಾ! ಆ ಇಂಜಿನ್ನಿಂದೇನು ತಪ್ಪಿತ್ತು? ತಾನ ಕೆಡಿಸಿ, ತಾನ ಕಸಾ ಅಂದು, ತಾನ ಹೊರಗ ಹಾಕಿದನಲ್ರಿ" ಎಂದ.

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ಐತವಾರ ಗುಜರಿಯವರು ನಿಮ್ಮ ಮನೀಗೆ ಎಷ್ಟೊತ್ತಿಗೆ ಬರತಾರು, ರಾಚಪ್ಪಾ?"