ಮಾಚವ್ವನ ಹೊಂಡದ ಮುರುಕು ಕಲ್ಲುಗಳು

ಕರಿಗಲ್ಲಹಳ್ಳಿಗೆ ಬರುವವರೆಲ್ಲ ಮೊದಲು ಗುಡ್ಡದ ಮೇಲಿನ ಗುಡಿಗೆ ಹೋಗುತ್ತಾರೆ. ಕಂಬಗಳ ನುಣುಪನ್ನು ಸವರಿ, ಫೋಟೊ ತೆಗೆಸಿಕೊಂಡು, ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಬುಡದಲ್ಲಿರುವ ಹೊಂಡವನ್ನು ನೋಡದೆ ಹೋದವರು ಊರನ್ನೇ ನೋಡಿಲ್ಲ ಎಂಬುದು ಇಲ್ಲಿಯ ಹಿರಿಯರ ಖಡಾಖಂಡಿತ ಮಾತು. ಗುಡಿ ಕಟ್ಟಿಸಿದ ದೊರೆ ಯಾರೆಂದು ಕೇಳಿದರೆ ಮೂರು ಬಗೆಯ ಉತ್ತರ ಸಿಗುತ್ತದೆ. ಹೊಂಡ ಯಾರದೆಂದರೆ ಸಿಗುವುದು ಒಂದೇ ಹೆಸರು, ಮಾಚವ್ವ.

ಹಿಂದೆ ಒಮ್ಮೆ, ಆ ಗುಡಿಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿ, ಮಾಚವ್ವ ಶಿಲ್ಪಿಗಳ ಚಪ್ಪರದಿಂದ ಒಡೆದ ಕಲ್ಲು ಹೊರುವ ಕೂಲಿಯವಳಾಗಿದ್ದಳು. ಸೊಂಡಿಲು ಮುರಿದ ಆನೆ, ಗರಿ ಹಾರಿದ ನವಿಲು, ಬೆರಳಿಲ್ಲದ ಮದ್ದಳೆಗಾರ, ಎಲ್ಲವೂ ಗುಡ್ಡದ ಪಕ್ಕ ರಾಶಿ ಬಿದ್ದಿದ್ದವು. ಭಿನ್ನವಾದ ಮೂರ್ತಿ ನೆಲದ ಮೇಲಿರಬಾರದು, ನೀರಿಗೆ ಬಿಡಬೇಕು ಎಂಬುದು ಸಂಪ್ರದಾಯ. ಪ್ರತಿಷ್ಠೆಯ ದಿನ ಶ್ರಾವಣಕ್ಕೆ ಗೊತ್ತಾದಾಗ ಹಿರಿಯ ಶಿಲ್ಪಿ ಕೇತೋಜ ರಾಶಿಯನ್ನೆಲ್ಲ ಹೊಂಡಕ್ಕೆ ಉರುಳಿಸಲು ಅಪ್ಪಣೆ ಕೊಟ್ಟ. ಮಾಚವ್ವನ ಕೇರಿಯ ಮೂವತ್ತು ಮನೆಗಳಿಗೆ ಕುಡಿಯುವ ನೀರೆಂದರೆ ಅದೊಂದೇ. ಹೊಂಡ ಮುಚ್ಚಿದರೆ ಕೇರಿಯೇ ಗಂಟುಮೂಟೆ ಕಟ್ಟಬೇಕಿತ್ತು. ಕೂಲಿಯವರು ಶಿಲ್ಪಿಯ ಎದುರು ಬಾಯಿ ತೆರೆಯದ ಆ ದಿನಗಳಲ್ಲಿ ಅವಳು ನೇರವಾಗಿ ಹೋಗಿ ನಿಂತಳು.

“ನೀರಿಗೆ ಬಿಡಬೇಕು ತಾನೆ ಅಯ್ಯನೋರೇ? ಬಿಡೋ ಕೆಲಸ ನನಗೆ ಬಿಡಿ. ಶ್ರಾವಣದೊಳಗೆ ಒಂದೂ ಆಚೆ ಉಳಿಯಲ್ಲ.”

ಕೇತೋಜ ಒಪ್ಪಿದ. ಬೇಸಿಗೆಗೆ ಹೊಂಡ ತಳ ಕಂಡಿತ್ತು. ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಅವಳು ಹೂಳೆತ್ತಿದಳು, ದಡವನ್ನು ಅಗಲಕ್ಕೆ ಕಡಿಸಿದಳು, ಸುತ್ತಲೂ ಆ ಮುರುಕುಗಳನ್ನೇ ಜೋಡಿಸಿ ಗೋಡೆ ಎಬ್ಬಿಸಿದಳು. ಸಂದುಗಳಿಗೆ ಉಳಿಯಿಂದ ಸಿಡಿದ ಚಕ್ಕೆ. ಕಾಲಿಡುವ ಮೆಟ್ಟಿಲಿಗೆ ಬರಿಗಲ್ಲು ಮಾತ್ರ. ಮುಖವಿದ್ದ ಕಲ್ಲುಗಳೆಲ್ಲ ಗೋಡೆಗೆ, ನೀರಿನತ್ತ ತಿರುಗಿ. ನೋಡಲು ಬಂದ ಕೇತೋಜ ಕೆಂಡವಾದ. ನೀರಿಗೆ ಬಿಡು ಎಂದರೆ ಗೋಡೆ ಕಟ್ಟಿದ್ದಾಳೆ! ಸಾಲದ್ದಕ್ಕೆ, ಕೊನೆಯ ಏಟಿಗೆ ಮೂಗು ಹಾರಿಸಿ ಅವನೇ ಗುಟ್ಟಾಗಿ ಎಸೆಸಿದ್ದ ನರ್ತಕಿ ಗೋಡೆಯ ನಡುವೆ ಎಲ್ಲರಿಗೂ ಕಾಣುವಂತೆ ನಿಂತಿದ್ದಳು. ಮಳೆಗೆ ಒಂದು ಕಲ್ಲು ಜಾರಿದರೂ ಹೊಂಡವನ್ನೇ ಮಣ್ಣು ಹಾಕಿ ಮುಚ್ಚಿಸುವೆನೆಂದು ಗುಡುಗಿ ಹೋದ.

ಆರಿದ್ರ ಮಳೆ ಮೂರು ದಿನ ಬಿಡದೆ ಹೊಯ್ದಿತು. ನಾಲ್ಕನೆಯ ಬೆಳಗ್ಗೆ ಗುಡ್ಡದ ನೀರೆಲ್ಲ ಹೊಂಡಕ್ಕೆ ಧುಮುಕಿತು. ಒಂದು ದಡದಲ್ಲಿ ಮಾಚವ್ವ, ಎದುರು ದಡದಲ್ಲಿ ಕೇತೋಜ. ಆನೆ ಮುಳುಗಿತು, ಮದ್ದಳೆಗಾರ ಮುಳುಗಿದ, ನರ್ತಕಿಯೂ ಮುಳುಗಿದಳು. ಒಂದು ಕಲ್ಲೂ ಅಲುಗಲಿಲ್ಲ. ಸಂಪ್ರದಾಯವೂ ಉಳಿಯಿತು, ಕೇರಿಯ ನೀರೂ ಉಳಿಯಿತು. ಶಿಲ್ಪಿ ಸುತ್ತಿ ಬಂದು ಕೇಳಿದ, “ಯಾರಮ್ಮ ನಿನಗೆ ಕಲಿಸಿದ್ದು?”

“ಹತ್ತು ವರ್ಷ ನಿಮ್ಮ ತಪ್ಪುಗಳನ್ನೇ ಹೊತ್ತಿದೀನಿ ಅಯ್ಯನೋರೇ. ಯಾವ ಕಲ್ಲು ಎಲ್ಲಿ ಕೂರತ್ತೆ ಅಂತ ಈ ತಲೆಗೆ ಗೊತ್ತು.”

ಆ ಬಿಗುಮಾನದ ಮನುಷ್ಯ ಅವಳಿಗೆ ಕೈಮುಗಿದ ಎನ್ನುತ್ತಾರೆ. ಮುಂದಿನ ಬೇಸಿಗೆಯಲ್ಲಿ ತಾನೇ ಉಳಿ ಹಿಡಿದು ಹೊಂಡಕ್ಕಿಳಿದು, ಅಡಿಯ ಸಾಲಿನ ಕಲ್ಲಿನಲ್ಲಿ ಮಾಚವ್ವನ ಹೆಸರು ಕೊರೆದ.

ಇಂದಿಗೂ ಊರಿನವರು ಹೊಂಡದ ನೀರನ್ನು ಮೊಳದಲ್ಲಿ ಅಳೆಯುವುದಿಲ್ಲ. ‘ನವಿಲಿನ ಕತ್ತಿಗಿದೆ’, ‘ಮದ್ದಳೆ ಮುಟ್ಟಿದೆ’ ಎನ್ನುತ್ತಾರೆ. ಬೇಸಿಗೆಯಲ್ಲಿ ಬಂದವರಿಗೆ ಮೂಗಿಲ್ಲದ ನರ್ತಕಿ ಸೊಂಟದವರೆಗೂ ಕಾಣುತ್ತಾಳೆ. ಕೆತ್ತಿದ ಹೆಸರನ್ನು ತೋರಿಸಿ ಎಂದು ಕೇಳುವವರೂ ಇದ್ದಾರೆ. ಅದನ್ನು ಕಣ್ಣಾರೆ ಓದಿದವರು ಊರಿನಲ್ಲಿ ಒಬ್ಬರೂ ಇಲ್ಲ. ಅಷ್ಟು ಕೆಳಗೆ ಆ ಹೊಂಡದ ನೀರು ಮತ್ತೆಂದೂ ಇಳಿದಿಲ್ಲ.